ಮೇಕಪ್ ಮಾಮನ ಹೊಸ ತಾರೆಗಳು!

ಮೈದಾ ಇಲ್ಲ... ಗೋಧಿಯ ಸೋಂಕೂ ಇಲ್ಲ... ಆದರೂ ಮುಖದ ತುಂಬ ಕಳೆ! ಕ್ರಿಸ್‌ಮಸ್ ಹೊತ್ತಿಗೆ ಒಂದು ಅಡುಗೆಮನೆಯಲ್ಲಿ ನಡೆದ 'ಶೂಟಿಂಗ್' ವರದಿ.

"ಬನ್ನಿ ಮಾರಾಯ್ರೆ, ಬನ್ನಿ. ಚಪ್ಪಲಿ ಒಂದೇ ಅಲ್ಲ, ಆ ಕೈಯಲ್ಲಿರುವ ಪೊಟ್ಟಣವನ್ನೂ ಹೊರಗೇ ಇಟ್ಟು ಬನ್ನಿ!"

ಬಾಗಿಲಲ್ಲೇ ಸಿಕ್ಕ ಸ್ವಾಗತ ಇದು. ನನ್ನ ಕೈಯಲ್ಲಿದ್ದದ್ದು ಬೇಕರಿಯಿಂದ ಕಟ್ಟಿಸಿಕೊಂಡು ತಂದ ಕಾಲು ಕೆ.ಜಿ. ಬೆಣ್ಣೆ ಬಿಸ್ಕತ್ತು. ಹಿರಿಯರ ಮನೆಗೆ ಬರಿಗೈಲಿ ಹೋಗಬಾರದಲ್ಲ! ಅದು ಪಾಪ, ಕಾಲ್‌ಷೀಟ್ ಸಿಗದ ಎಕ್ಸ್‌ಟ್ರಾ ನಟನ ಹಾಗೆ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟಿತು.

ನಾನು ಹೋಗಿದ್ದದ್ದು 2024ರ ಡಿಸೆಂಬರ್ 22, ಭಾನುವಾರ. ಬೆಂಗಳೂರಿನ ಒಂದು ಹಳೇ ಬಡಾವಣೆ. ಮನೆ ಯಜಮಾನರು ನಮ್ಮ ಚಿತ್ರರಂಗದಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಮುಖಗಳಿಗೆ ಬಣ್ಣ ಹಚ್ಚಿದವರು. ಯೂನಿಟ್ಟಿನವರ ಬಾಯಲ್ಲಿ 'ಮೇಕಪ್ ಮಾಮ'. "ಹೆಸರು ಹಾಕ್ಬೇಡಿ. ಪರದೆಯ ಹಿಂದೆ ಇದ್ದವ ಹಿಂದೆಯೇ ಇರ್ಲಿ" ಎಂದು ಮೊದಲೇ ಮಾತು ತೆಗೆದುಕೊಂಡರು. ಆದ್ದರಿಂದ ಹೆಸರು ಕೇಳಬೇಡಿ, ಹೇಳುವುದಿಲ್ಲ.

ಮೂಲತಃ ಮಂಗಳೂರು ಕಡೆಯ ಕ್ರೈಸ್ತರು. 1962ರಲ್ಲಿ, 17ನೇ ವಯಸ್ಸಿನಲ್ಲಿ, ಮದರಾಸಿನ ರೈಲು ಹತ್ತಿದರು. ಕನ್ನಡ ಚಿತ್ರಗಳೂ ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲ ಅದು. ಉದ್ಯಮ ಬೆಂಗಳೂರಿಗೆ ಬಂದಾಗ ಇವರೂ ಪೆಟ್ಟಿಗೆ ಸಮೇತ ಇತ್ತ ಬಂದರು. ಈಗ ಎಂಬತ್ತಕ್ಕೆ ಒಂದು ಕಮ್ಮಿ. ಕೈ ಮಾತ್ರ ಇನ್ನೂ ನಡುಗುವುದಿಲ್ಲ!

ಹಳೇ ತಾರೆಯರ ಕತೆ ಕೆದಕೋಣ ಎಂದು ನಾನು ಪುಸ್ತಕ, ಪೆನ್ನು ತೆಗೆದೆ. ಮಾಮ ತಲೆ ಅಲ್ಲಾಡಿಸಿದರು.

"ಆ ತಾರೆಗಳ ಕತೆ ಬೇಡ. ಈ ತಾರೆಗಳನ್ನು ನೋಡಿ!"

ಊಟದ ಮೇಜಿನ ಮೇಲೆ ಸಾಲಾಗಿ ಮಲಗಿದ್ದವು ಇಪ್ಪತ್ತೆಂಟು ನಕ್ಷತ್ರಗಳು. ಬಿಳಿಚಿಕೊಂಡ, ಇನ್ನೂ ಬಣ್ಣ ಕಾಣದ ಬಿಸ್ಕತ್ತಿನ ನಕ್ಷತ್ರಗಳು. ಪಕ್ಕದಲ್ಲಿ ಕೆಂಪು, ಹಸಿರು, ಬಿಳಿ ಬಣ್ಣದ ಬಟ್ಟಲುಗಳು. ಅಬ್ಬಾ, ಥೇಟ್ ಮೇಕಪ್ ರೂಮು!

ವಿಲನ್ ಯಾರು?

ಮಾಮನಿಗೆ ಒಬ್ಬಳೇ ಮೊಮ್ಮಗಳು. ಒಂಬತ್ತು ವರ್ಷ. ಚೂಟಿ ಹುಡುಗಿ. ಆರು ವರ್ಷದವಳಿದ್ದಾಗ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆ ಉಬ್ಬರ, ಭೇದಿ, ರಕ್ತಹೀನತೆ. ಓರಗೆಯ ಮಕ್ಕಳು ಎತ್ತರಕ್ಕೆ ಬೆಳೆದರೆ ಇವಳು ಇದ್ದಲ್ಲೇ ಇದ್ದಳು. "ದೃಷ್ಟಿ ಆಗಿದೆ" ಅಂದವರೆಷ್ಟು, "ಜಂತುಹುಳ" ಅಂದವರೆಷ್ಟು! ಕೊನೆಗೆ 2021ರಲ್ಲಿ ರಕ್ತ ಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಆಗಿ ಗೊತ್ತಾಯಿತು. ಸೀಲಿಯಾಕ್ ಕಾಯಿಲೆ.

ವಿಲನ್ ಯಾರೆಂದು ಬಲ್ಲಿರಾ? ನಾವು ದಿನಾ ಮನೆಗೆ ಕರೆದು ಊಟಕ್ಕೆ ಕೂರಿಸುವ ಗೋಧಿ!

ಗೋಧಿಯಲ್ಲಿ ಗ್ಲೂಟೆನ್ ಎಂಬ ಪ್ರೋಟೀನು ಇದೆ. ಚಪಾತಿ ಹಿಟ್ಟು ಎಳೆದರೆ ಹರಿಯದೆ ಜಗ್ಗುತ್ತದಲ್ಲ, ಆ ಜಿಗುಟು ಇದರದ್ದೇ. ಬಾರ್ಲಿ ಮತ್ತು ರೈ ಧಾನ್ಯದಲ್ಲೂ ಇದರ ದಾಯಾದಿಗಳಿದ್ದಾರೆ. ಸೀಲಿಯಾಕ್ ಇದ್ದವರು ಇದನ್ನು ತಿಂದರೆ, ಮೈಯನ್ನು ಕಾಯಬೇಕಾದ ರಕ್ಷಣಾ ಪಡೆಯೇ ತಿರುಗಿಬಿದ್ದು ಸಣ್ಣಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಆಹಾರದ ಸಾರ ಹೀರುವ ಜಾಗವೇ ಸವೆದುಹೋದರೆ ಮಗು ಬೆಳೆಯುವುದು ಹೇಗೆ? ಇದಕ್ಕೆ ಮಾತ್ರೆಯಿಲ್ಲ, ಇಂಜೆಕ್ಷನ್ನಿಲ್ಲ. ಜೀವಮಾನವಿಡೀ ಗ್ಲೂಟೆನ್ ಬಿಡುವುದೊಂದೇ ಮದ್ದು. ಒಲೆಯಲ್ಲಿ ಬೇಯಿಸಿದರೂ, ಎಣ್ಣೆಯಲ್ಲಿ ಕರಿದರೂ ಈ ವಿಲನ್ ಸಾಯುವವನಲ್ಲ!

2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ಉತ್ತರ ಭಾರತದಲ್ಲಿ ಹೆಚ್ಚುಕಮ್ಮಿ ನೂರಕ್ಕೆ ಒಬ್ಬರಿಗೆ ಈ ಕಾಯಿಲೆ. ಅನ್ನ ಉಣ್ಣುವ ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು. ಕಮ್ಮಿ ಎಂಬ ಕಾರಣಕ್ಕೇ ನಮ್ಮ ಕಡೆ ಜನರಿಗೆ ಇದರ ಹೆಸರೂ ಗೊತ್ತಿಲ್ಲ. "ಒಂದು ಚೂರು ತಿಂದರೆ ಏನಾಗತ್ತೆ?" ಎಂದು ಒತ್ತಾಯ ಮಾಡುವವರೇ ಎಲ್ಲರೂ.

ಒಂದು ಪುಟ್ಟ ಫ್ಲ್ಯಾಷ್‌ಬ್ಯಾಕ್

ಈ ವಿಲನ್ ಸಿಕ್ಕಿಬಿದ್ದ ಕತೆಯೇ ಒಂದು ಸಿನಿಮಾ. ಹಾಲೆಂಡಿನಲ್ಲಿ ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯರಿದ್ದರು. 1930ರ ದಶಕದಲ್ಲೇ ಅವರಿಗೆ ಗೋಧಿಯ ಮೇಲೆ ಗುಮಾನಿ. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಅಲ್ಲಿ ಭೀಕರ ಕ್ಷಾಮ. ಬ್ರೆಡ್ಡೇ ಇಲ್ಲ. ಊರೆಲ್ಲ ಹಸಿವಿನಿಂದ ನರಳುತ್ತಿದ್ದರೆ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು! ಮತ್ತೆ ಬ್ರೆಡ್ ಬಂತು, ಮಕ್ಕಳು ಮತ್ತೆ ಹಾಸಿಗೆ ಹಿಡಿದರು. ಡಾಕ್ಟರ ಗುಮಾನಿಗೆ ಬಲ ಬಂತು. 1950ರಲ್ಲಿ ಅವರು ಪ್ರಬಂಧ ಬರೆದು ಗೋಧಿಯ ಮುಖವಾಡ ಕಳಚಿದರು.

ರೀಟೇಕ್ ಇಲ್ಲದ ತಪ್ಪು

ಮಂಗಳೂರು ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ ಅಂದರೆ ಕುಸ್ವಾರ್. ತಟ್ಟೆ ತುಂಬ ಬಗೆಬಗೆ ತಿಂಡಿ. ಕುಲ್‌ಕುಲ್, ನೆವ್ರಿ, ತುಕ್ಡಿ, ರೋಸ್ ಕುಕ್ಕಿ... ಈ ಮನೆಯಿಂದ ಆ ಮನೆಗೆ, ಆ ಮನೆಯಿಂದ ಈ ಮನೆಗೆ ತಟ್ಟೆಗಳ ಮೆರವಣಿಗೆ. ಅದರಲ್ಲಿ ಮುಕ್ಕಾಲು ಪಾಲು ಮೈದಾ!

ತಟ್ಟೆ ಬಂದಾಗಲೆಲ್ಲ ಹುಡುಗಿಯ ಪ್ರಶ್ನೆ ಒಂದೇ. "ಇದು ನಾನು ತಿನ್ನೋದಾ, ತಿನ್ನಬಾರದ್ದಾ?"

2023ರ ಕ್ರಿಸ್‌ಮಸ್ಸಿಗೆ ಅಜ್ಜ ಒಂದು ಉಪಾಯ ಮಾಡಿದರು. ಎಲ್ಲೋ ಚಿತ್ರದಲ್ಲಿ ನೋಡಿದ ಬಣ್ಣದ ನಕ್ಷತ್ರದ ಬಿಸ್ಕತ್ತು ಬೇಕೆಂದು ಅವಳು ಹಟ ಹಿಡಿದಿದ್ದಳು. ಸರಿ, ಅಕ್ಕಿಹಿಟ್ಟಿನಲ್ಲೇ ಮಾಡಿ ಅವಳಿಗೆಂದು ಬೇರೆ ತಟ್ಟೆ ಇಟ್ಟರು. ಮಧ್ಯರಾತ್ರಿಯ ಪೂಜೆ ಮುಗಿಸಿ ಬಂದ ಮಗು ಖುಷಿಯಿಂದ ಎರಡು ತಿಂದಿತು.

ಬೆಳಗಿನ ಜಾವದ ಹೊತ್ತಿಗೆ ವಾಂತಿ. ಮೂರು ದಿನ ಹೊಟ್ಟೆನೋವು. ಹಬ್ಬದ ಮನೆ ಆಸ್ಪತ್ರೆ ವಾರ್ಡಾಯಿತು.

"ಹಿಟ್ಟು ಸರಿಯಿತ್ತು ಮಾರಾಯ್ರೆ. ಬೆಣ್ಣೆ ಸರಿಯಿತ್ತು. ತಪ್ಪು ಎಲ್ಲಿ ಗೊತ್ತುಂಟಾ?" ಮಾಮ ಎದ್ದು ಹೋಗಿ ಅಟ್ಟದ ಮೇಲಿಂದ ಒಂದು ವಸ್ತು ತಂದು ತೋರಿಸಿದರು. ಮರದ ಲಟ್ಟಣಿಗೆ! ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹಗ್ಗ ಬಿಗಿದು ಇಟ್ಟಿದ್ದರು. ಮುಟ್ಟುಗೋಲು ಹಾಕಿಕೊಂಡ ಆಯುಧದ ಹಾಗೆ.

"ನನ್ನ ಅಮ್ಮನದ್ದು. ಬಿಸಾಡ್ಲಿಕ್ಕೆ ಮನಸ್ಸಿಲ್ಲ. ಇದರಲ್ಲೇ ಆ ದಿನ ಬೆಳಿಗ್ಗೆ ನೆವ್ರಿ ಲಟ್ಟಿಸಿದ್ದು. ತೊಳೆದೇ ಉಪಯೋಗಿಸಿದೆ. ಆದ್ರೆ ಮರದ ಸೀಳಿನೊಳಗೆ ಮೈದಾ ಕೂತಿರ್ತದೆ. ಜರಡಿಯೂ ಅದೇ. ಕಣ್ಣಿಗೆ ಕಾಣುವುದಿಲ್ಲ. ಕ್ಲೋಸಪ್ಪಿನಲ್ಲಿ ಸಣ್ಣ ಕಲೆ ಕಂಡರೂ ಶಾಟ್ ನಿಲ್ಲಿಸ್ತಿದ್ದವ ನಾನು. ನನ್ನ ಮೊಮ್ಮಗಳ ವಿಷಯದಲ್ಲಿ ನನಗೆ ಕಾಣಲಿಲ್ಲ ನೋಡಿ..."

ಮಾತು ಅಲ್ಲಿಗೆ ನಿಂತಿತು. ಒಳಗಿಂದ ಅಮ್ಮ ಕಾಫಿ ತಂದರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ಸೆಟ್ ತೊಳೆದರು!

ಈ ಸಲ ಗಟ್ಟಿ ನಿರ್ಧಾರ ಮಾಡಿದ್ದು ಅಮ್ಮ. "ಮಗುವಿಗೆ ಬೇರೆ ತಟ್ಟೆ ಇಡುವುದು ಬೇಡ. ಎಲ್ಲರ ತಟ್ಟೆಯೇ ಅವಳ ತಟ್ಟೆ ಆಗ್ಲಿ" ಎಂದರಂತೆ.

ಅಂದರೆ? ಹಬ್ಬ ಮುಗಿಯುವ ತನಕ ಮನೆಯೊಳಗೆ ಮೈದಾ, ಗೋಧಿಹಿಟ್ಟು, ರವೆ, ಶ್ಯಾವಿಗೆ ಯಾವುದಕ್ಕೂ ಪ್ರವೇಶವಿಲ್ಲ! "ಕುಲ್‌ಕುಲ್ ಇಲ್ಲದ ಕ್ರಿಸ್‌ಮಸ್ಸಾ?" ಎಂದು ನೆಂಟರು ಮೂಗು ಮುರಿದರು. ಮುರಿಯಲಿ! ಅಮ್ಮ ಮಾಡಿದ್ದು ಅಕ್ಕಿ ಲಾಡು, ಚಕ್ಕುಲಿ, ಮೊಟ್ಟೆಯ ಬಿಳಿ-ಸಕ್ಕರೆ-ಗೋಡಂಬಿಯ ಮಂಗಳೂರು ಮ್ಯಾಕರೂನ್. ಇವಕ್ಕೆ ಗೋಧಿಯ ಹಂಗೇ ಇಲ್ಲ. ಚಕ್ಕುಲಿಗೆ ಇಂಗು ಹಾಕಲಿಲ್ಲ. ಯಾಕೆ ಗೊತ್ತೇ? ಅಂಗಡಿಯಲ್ಲಿ ಸಿಗುವ ಕೂಟು ಇಂಗಿನಲ್ಲಿ ಅನೇಕ ಬಾರಿ ಗೋಧಿಹಿಟ್ಟು ಬೆರೆಸಿರುತ್ತಾರೆ! ನನಗಂತೂ ಇದು ಹೊಸ ಸುದ್ದಿ.

ಇನ್ನೊಂದು ಗುಟ್ಟು ಗಿರಣಿಯದ್ದು. ಅಕ್ಕಿ, ರಾಗಿ, ಜೋಳ, ನವಣೆ ಇವುಗಳಲ್ಲಿ ಗ್ಲೂಟೆನ್ ಇಲ್ಲ, ನಿಜ. ಆದರೆ ಗಿರಣಿಯಲ್ಲಿ ನಿಮಗಿಂತ ಮುಂಚೆ ಬಂದವರು ಗೋಧಿ ಬೀಸಿಸಿದ್ದರೆ? ನಿಮ್ಮ ಅಕ್ಕಿಹಿಟ್ಟಿನ ಜೊತೆ ಅದೂ ಸವಾರಿ ಬರುತ್ತದೆ. ಹಾಗಾಗಿ ಮಾಮ ಅಕ್ಕಿ ತೊಳೆದು, ಒಣಗಿಸಿ, ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ, ಹೊಸ ಜರಡಿಯಲ್ಲಿ ಮೂರು ಸಲ ಜರಡಿ ಹಿಡಿದರು. ಮಿಕ್ಸಿಯ ಜಾರೂ ಹೊಸದು, ಟ್ರೇ ಹೊಸದು, ಲಟ್ಟಣಿಗೆ ಸ್ಟೀಲಿನದು. ಬೇಕಿಂಗ್ ಪೌಡರ್, ಐಸಿಂಗ್ ಸಕ್ಕರೆ, ಮೇಲೆ ಉದುರಿಸುವ ಬೆಳ್ಳಿ ಗುಂಡು, ಬಣ್ಣ... ಎಲ್ಲದರ ಚೀಟಿಯನ್ನೂ ಭೂತಗನ್ನಡಿ ಹಿಡಿದು ಓದಿದರು. ನಮ್ಮ ದೇಶದ ಆಹಾರ ನಿಯಮದಂತೆ 'ಗ್ಲೂಟೆನ್ ರಹಿತ' ಎಂದು ಬರೆಯಬೇಕಾದರೆ ಒಂದು ಕೆ.ಜಿ.ಯಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲೂಟೆನ್ ಇರಕೂಡದು. ಅಷ್ಟು ಸೂಕ್ಷ್ಮ!

ನನ್ನ ಬೆಣ್ಣೆ ಬಿಸ್ಕತ್ತು ಯಾಕೆ ಕಟ್ಟೆಯ ಮೇಲೆ ಕೂತಿತು ಎಂದು ಈಗ ಅರ್ಥವಾಯಿತೇ?

ಪಾತ್ರವರ್ಗ

ಮಾಮ ಹೇಳಿದ ಅಳತೆ ಇಲ್ಲಿದೆ. ಗೃಹಿಣಿಯರು ಕತ್ತರಿಸಿ ಇಟ್ಟುಕೊಳ್ಳಬಹುದು:

ನುಣ್ಣನೆ ಅಕ್ಕಿಹಿಟ್ಟು - 180 ಗ್ರಾಂ
ಕಾರ್ನ್‌ಫ್ಲೋರ್ - 60 ಗ್ರಾಂ
ಸಾಬಕ್ಕಿ ಪುಡಿ - 40 ಗ್ರಾಂ
ಬೆಣ್ಣೆ - 120 ಗ್ರಾಂ
ಪುಡಿ ಸಕ್ಕರೆ - 110 ಗ್ರಾಂ
ಮೊಟ್ಟೆ - 1
ಕ್ಸಾಂಥನ್ ಗಮ್ - 1 ಸಣ್ಣ ಚಮಚ
ವೆನಿಲಾ ಎಸೆನ್ಸ್ - 1 ಸಣ್ಣ ಚಮಚ
ಉಪ್ಪು - ಚಿಟಿಕೆ

ಕ್ಸಾಂಥನ್ ಗಮ್ ಅಂದರೇನು? ಕೇಕಿನ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುವ ಬಿಳಿ ಪುಡಿ. ಗ್ಲೂಟೆನ್ ಇಲ್ಲದ ಹಿಟ್ಟಿಗೆ ಹಿಡಿತವಿರುವುದಿಲ್ಲ, ಮುಟ್ಟಿದರೆ ಉದುರುತ್ತದೆ. ಆ ಹಿಡಿತ ಕೊಡುವವನು ಇವನು.

"ನಾನು ಮೊದಲು ಇದಿಲ್ಲದೆ ಮಾಡಿದೆ. ನಕ್ಷತ್ರದ ಐದು ಮೂಲೆಯೂ ಐದು ದಿಕ್ಕಿಗೆ ಹೋಯ್ತು! ಆಮೇಲೆ ಹೊಳೆಯಿತು. ಸ್ಪಿರಿಟ್ ಗಮ್ ಇಲ್ಲದೆ ಮೀಸೆ ನಿಲ್ತದಾ ಮಾರಾಯ್ರೆ? ಇದೂ ಹಾಗೆಯೇ!" ಮಾಮ ನಕ್ಕರು. ಅದು ಸಿಗದಿದ್ದರೆ ಇಸಬ್‌ಗೋಲನ್ನು ಪುಡಿ ಮಾಡಿ ಎರಡು ಸಣ್ಣ ಚಮಚ ಹಾಕಬಹುದಂತೆ.

ಬೆಣ್ಣೆ, ಸಕ್ಕರೆ ಚೆನ್ನಾಗಿ ನಾದಿ, ಮೊಟ್ಟೆ, ವೆನಿಲಾ ಸೇರಿಸಿ, ಹಿಟ್ಟುಗಳನ್ನೆಲ್ಲ ಕಲಸಿ ಉಂಡೆ ಮಾಡಿ. ತಕ್ಷಣ ಲಟ್ಟಿಸಬೇಡಿ! ಮುಚ್ಚಿ ಫ್ರಿಜ್ಜಿನಲ್ಲಿ ಒಂದು ಗಂಟೆ ಇಡಿ. ಅಕ್ಕಿಹಿಟ್ಟು ತೇವ ಹೀರಿಕೊಳ್ಳಲು ಸಮಯ ಬೇಕು. ಇಲ್ಲದಿದ್ದರೆ ಬಾಯಲ್ಲಿ ಮರಳು ಮರಳು. ಆಮೇಲೆ ಎರಡು ಬಟರ್ ಪೇಪರ್ ನಡುವೆ ಇಟ್ಟು 5 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅಚ್ಚು ಒತ್ತಿ, ಮತ್ತೆ 15 ನಿಮಿಷ ತಣ್ಣಗಿಡಿ. ಮೊದಲೇ ಕಾಯಿಸಿದ ಓವನ್ನಿನಲ್ಲಿ 175 ಡಿಗ್ರಿಯಲ್ಲಿ 10ರಿಂದ 12 ನಿಮಿಷ. ಅಂಚು ಮಾತ್ರ ಸ್ವಲ್ಪ ಹೊಂಬಣ್ಣಕ್ಕೆ ಬಂದರೆ ಸಾಕು. ಬಿಸಿಯಿದ್ದಾಗ ಎತ್ತಿದರೆ ಮುರಿಯುತ್ತದೆ. ಹತ್ತು ನಿಮಿಷ ಟ್ರೇಯಲ್ಲೇ ಬಿಡಿ.

ಇನ್ನು ಬಣ್ಣ!

ಈಗ ಮಾಮ ತೋಳು ಮಡಚಿದರು. ಕಣ್ಣಲ್ಲಿ ಹಳೇ ಹೊಳಪು.

"ಜೀವಮಾನವಿಡೀ ಕೇಕ್ ಹಚ್ಚಿದವ ನಾನು. ಪ್ಯಾನ್‌ಕೇಕ್!" ಎಂದು ತಮ್ಮ ಹಾಸ್ಯಕ್ಕೆ ತಾವೇ ನಕ್ಕರು. ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ, ಪ್ಯಾನ್‌ಕೇಕ್ ಅಂದರೆ ಒದ್ದೆ ಸ್ಪಾಂಜಿನಿಂದ ಮುಖಕ್ಕೆ ಹಚ್ಚುತ್ತಿದ್ದ ಬಣ್ಣದ ಬಿಲ್ಲೆ.

ಬಿಸ್ಕತ್ತಿಗೆ ಹಾಕುವುದು ರಾಯಲ್ ಐಸಿಂಗ್. ಹಿಂದೆಲ್ಲ ಹಸಿ ಮೊಟ್ಟೆಯ ಬಿಳಿಯಲ್ಲಿ ಮಾಡುತ್ತಿದ್ದರು. ಹಸಿ ಮೊಟ್ಟೆಯಿಂದ ಸೋಂಕು ತಗಲುವ ಭಯವಿರುವುದರಿಂದ ಮಾಮ ಮೆರಿಂಗ್ ಪೌಡರ್ ತಂದಿದ್ದರು. 225 ಗ್ರಾಂ ಐಸಿಂಗ್ ಸಕ್ಕರೆಗೆ ಒಂದೂವರೆ ದೊಡ್ಡ ಚಮಚ ಪೌಡರ್, ಎರಡೂವರೆಯಿಂದ ಮೂರು ದೊಡ್ಡ ಚಮಚ ನೀರು. ಗಟ್ಟಿ ನೊರೆ ಬರುವ ತನಕ ಕಡೆಯಬೇಕು. ಅದನ್ನು ಎರಡು ಭಾಗ ಮಾಡಿ. ಒಂದು ಟೂತ್‌ಪೇಸ್ಟಿನ ಹಾಗೆ ಗಟ್ಟಿ, ಗೆರೆ ಎಳೆಯಲು. ಇನ್ನೊಂದಕ್ಕೆ ತೊಟ್ಟು ತೊಟ್ಟು ನೀರು ಬೆರೆಸಿ ಸಡಿಲ ಮಾಡಿ, ತುಂಬಿಸಲು. ಹದ ನೋಡುವುದು ಹೇಗೆ? ಬಟ್ಟಲಲ್ಲಿ ಚಾಕುವಿನಿಂದ ಗೀರಿ. ಗೀರು ಹತ್ತು ಹದಿನೈದು ಸೆಕೆಂಡಿನಲ್ಲಿ ಮುಚ್ಚಿಕೊಂಡರೆ ಸರಿ.

ಮೆಹೆಂದಿ ಕೋನಿನ ಹಾಗೆ ಬಟರ್ ಪೇಪರ್ ಸುತ್ತಿ, ತುದಿ ಕತ್ತರಿಸಿ, ಮಾಮ ಗೆರೆ ಎಳೆಯತೊಡಗಿದರು. ನಕ್ಷತ್ರದ ಅಂಚಿಗೆ ಬಿಳಿಯ ಬೇಲಿ. ಬೇಲಿಯೊಳಗೆ ಸಡಿಲ ಬಣ್ಣ ಸುರಿದು ಕಡ್ಡಿಯಿಂದ ಮೂಲೆ ಮೂಲೆಗೂ ತಳ್ಳಿದರು. ಗಾಳಿಗುಳ್ಳೆ ಕಂಡರೆ ಕಡ್ಡಿಯ ತುದಿಯಿಂದ ಚುಚ್ಚಿದರು. ನಾನೂ ಒಂದಕ್ಕೆ ಕೈ ಹಾಕಿದೆ. ನನ್ನ ನಕ್ಷತ್ರ ಮಳೆಯಲ್ಲಿ ನೆಂದ ಪೋಸ್ಟರಿನ ಹಾಗಾಯಿತು!

"ಅವಸರ ಮಾಡ್ಬೇಡಿ. ಬಿಸ್ಕತ್ತು ಪೂರ್ತಿ ತಣಿಯಬೇಕು, ಇಲ್ಲದಿದ್ರೆ ಬೆವರಿದ ಮುಖಕ್ಕೆ ಬಣ್ಣ ಹಚ್ಚಿದ ಹಾಗೆ, ಎಲ್ಲ ಇಳೀತದೆ. ಬೇಸ್ ಒಣಗದೆ ಮೇಲೆ ಕೆಂಪು ಗೆರೆ ಎಳೆದ್ರೆ ಬಿಳಿಯೆಲ್ಲ ಗುಲಾಬಿ ಆಗ್ತದೆ. ರಾತ್ರಿಯಿಡೀ ಬಿಡಿ. ನಾಳೆ ಬಂದ್ರೆ ಕಣ್ಣು, ಹುಬ್ಬು ಬರೆಯುವ!"

ನೀರಿನಂಥ ಬಣ್ಣ ಹಾಕಿದರೆ ಐಸಿಂಗ್ ಸಡಿಲವಾಗುತ್ತದೆ, ಜೆಲ್ ಬಣ್ಣವೇ ಒಳ್ಳೆಯದು, ಒಂದು ಕಡ್ಡಿಯ ತುದಿಯಷ್ಟು ಸಾಕು. ಇದು ಮಾಮನ ಕೊನೆಯ ಟಿಪ್.

ಬಾಗಿಲ ಸಂದಿಯಲ್ಲಿ ಅಷ್ಟು ಹೊತ್ತೂ ಒಂದು ಜಡೆ ಕಾಣುತ್ತಿತ್ತು. ಕೊನೆಗೆ ಹುಡುಗಿ ಹೊರಗೆ ಬಂದಳು. ನನ್ನ ಕುರೂಪಿ ನಕ್ಷತ್ರವನ್ನು ದಿಟ್ಟಿಸಿ ನೋಡಿದಳು.

"ಅಜ್ಜ, ಇದರಲ್ಲಿ ನಂದು ಯಾವುದು?"

"ಎಲ್ಲ ನಿಂದೇ ಮಗಾ. ಎಲ್ಲವನ್ನೂ ಎಲ್ಲರೂ ತಿನ್ಬಹುದು."

ಆ ಮಗು ಒಂದು ಕ್ಷಣ ನಂಬಲಿಲ್ಲ. ಅಜ್ಜಿಯ ಮುಖ ನೋಡಿತು, ಅಮ್ಮನ ಮುಖ ನೋಡಿತು. ಆಮೇಲೆ ಎದುರಿಗಿದ್ದ ಅಷ್ಟೂ ಬಿಟ್ಟು, ನಾನು ಕೆಡಿಸಿದ್ದನ್ನೇ ತೋರಿಸಿ "ಇದನ್ನ ಈ ಅಂಕಲ್ಲಿಗೆ ಕೊಡಿ" ಎಂದಿತು!

ಬಿಡುಗಡೆ

ಡಿಸೆಂಬರ್ 26ರ ಬೆಳಿಗ್ಗೆ ನಾನೇ ಫೋನ್ ಮಾಡಿದೆ. ನಿರ್ಮಾಪಕರು ಮೊದಲ ದಿನದ ಕಲೆಕ್ಷನ್ ಕೇಳುವ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು.

"ನಾಲ್ಕು ತಿಂದಳು. ನಾನು ರಾತ್ರಿಯಿಡೀ ಅವಳ ಕೋಣೆಯ ಹೊರಗೆ ಕುರ್ಚಿ ಹಾಕಿ ಕೂತಿದ್ದೆ. ಮಗು ಮಗ್ಗುಲು ಬದಲಿಸಿದ್ರೂ ನನಗೆ ಎಚ್ಚರ. ಏನೂ ಆಗ್ಲಿಲ್ಲ. ಬೆಳಿಗ್ಗೆ ಎದ್ದವಳೇ ಇನ್ನೊಂದು ಕೇಳಿದಳು!"

ಆದರೆ ಮಾಮ ಎಚ್ಚರಿಕೆಯ ಮನುಷ್ಯ. ಹೊಟ್ಟೆನೋವು ಬರಲಿಲ್ಲ ಎಂದ ಮಾತ್ರಕ್ಕೆ ಒಳಗೆ ಏನೂ ಆಗಿಲ್ಲ ಎಂದು ಹೇಳುವಂತಿಲ್ಲ, ಕೆಲವರಿಗೆ ಲಕ್ಷಣವೇ ಕಾಣದೆ ಕರುಳು ಕೆಡುತ್ತದೆ ಎಂಬುದು ಅವರಿಗೆ ಗೊತ್ತು. "ನಿಜವಾದ ಸೆನ್ಸಾರ್ ಸರ್ಟಿಫಿಕೇಟ್ ಡಾಕ್ಟರ್ ಕೊಡಬೇಕು. ರಕ್ತ ಪರೀಕ್ಷೆ ಆಗಾಗ ಇದ್ದೇ ಇರ್ತದೆ" ಎಂದರು.

ಅದಕ್ಕಿಂತ ದೊಡ್ಡ ಸುದ್ದಿ ಕೊನೆಗೆ ಹೇಳಿದರು. ಅಕ್ಕಪಕ್ಕದ ಮನೆಗಳಿಗೆ ತಟ್ಟೆ ಕೊಡಲು ಆ ದಿನ ಹೋದದ್ದು ಹುಡುಗಿಯೇ. ಒಂದು ಮನೆಯಲ್ಲಿ ಮಕ್ಕಳೆಲ್ಲ ಮುತ್ತಿಕೊಂಡು ಅಲ್ಲೇ ತಟ್ಟೆ ಖಾಲಿ ಮಾಡಿದರಂತೆ. ಇವಳೂ ಅವರ ನಡುವೆ ಕೂತು, ಅದೇ ತಟ್ಟೆಯಿಂದ, ಯಾರನ್ನೂ ಏನೂ ಕೇಳದೆ ತೆಗೆದು ತಿಂದಳಂತೆ. "ತಿನ್ನೋದಾ, ತಿನ್ನಬಾರದ್ದಾ" ಎಂಬ ಡೈಲಾಗೇ ಇಲ್ಲ!

ಓದುಗರಲ್ಲಿ ಒಂದು ಮಾತು. ನಿಮ್ಮ ಮನೆಗೆ ಬಂದ ಮಗು "ಬೇಡ ಆಂಟಿ, ನಾನು ಗೋಧಿ ತಿನ್ನಲ್ಲ" ಎಂದರೆ ಅದು ಕೊಬ್ಬಲ್ಲ, ನಖರಾ ಅಲ್ಲ. ಒತ್ತಾಯ ಮಾಡಬೇಡಿ. ಒಂದು ಬಾಳೆಹಣ್ಣು ಕೊಡಿ. ಹಾಗೆಯೇ ನಿಮ್ಮ ಮಗುವಿಗೆ ಈ ಕಾಯಿಲೆಯಿರಬಹುದೆಂದು ಸಂಶಯ ಬಂದರೆ ನೀವಾಗಿಯೇ ಗೋಧಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಪರೀಕ್ಷೆಯಲ್ಲಿ ಕಾಯಿಲೆ ತಪ್ಪಿಸಿಕೊಳ್ಳಬಹುದು. ಮೊದಲು ಡಾಕ್ಟರು, ಆಮೇಲೆ ಡಯಟ್ಟು.

ಆ ಭಾನುವಾರ ನಾನು ಹೊರಟಾಗ ಅಮ್ಮ ಆರು ನಕ್ಷತ್ರ ಕಟ್ಟಿಕೊಟ್ಟಿದ್ದರು, ಬಣ್ಣ ಒಣಗಿಲ್ಲ, ಜೋಪಾನ ಎಂಬ ಎಚ್ಚರಿಕೆಯ ಜೊತೆ. ಮೆಜೆಸ್ಟಿಕ್ ತಲಪುವ ಹೊತ್ತಿಗೆ ಮೂರು ಖಾಲಿ. ಗೋಧಿಯಿಲ್ಲ ಎಂಬುದು ಬಾಯಿಗೆ ಗೊತ್ತೇ ಆಗಲಿಲ್ಲ. ನನ್ನ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ? ಅದನ್ನು ಕಟ್ಟೆಯ ಮೇಲೇ ಮರೆತು ಬಂದಿದ್ದೆ.

ಶುಭಂ!